ನೋಡ್ ಇದೆಯಾ, ನೋಡು

ಶಿರಸಿ, ಸಿದ್ದಾಪುರ, ಯಲ್ಲಾಪುರ. ಮೂರು ಊರು, ಮೂರು ನೋಡ್. ಶಿರಸಿಯಿಂದ ಸಿದ್ದಾಪುರಕ್ಕೆ ಸುಮಾರು 35 ಕಿಲೋಮೀಟರು, ಯಲ್ಲಾಪುರಕ್ಕೆ ಸುಮಾರು 50. ಇವೆರಡು ಎಡ್ಜ್. ಪೈಥಾನ್ ಗೊತ್ತಿರುವ ಯಾರಾದರೂ ಎರಡು ನಿಮಿಷದಲ್ಲಿ ಇದನ್ನು ಗ್ರಾಫ್ ಮಾಡಿ ಕೊಡ್ತಾರೆ. ಮೂರನೇ ನಿಮಿಷದಲ್ಲಿ ಒಂದು ಯೂನಿಟ್ ಟೆಸ್ಟ್: ಗ್ರಾಫಿನಲ್ಲಿ ಶಿರಸಿ ಇದೆಯಾ? ಇದೆ. ಹಸಿರು ಬಣ್ಣ ಬಂತು, ಕೋಡ್ ಮುಂದಕ್ಕೆ ಹೋಯಿತು, ನಾವು ಚಹಾಕ್ಕೆ ಹೋದೆವು.

ಇಷ್ಟು ಸಣ್ಣ ಟೆಸ್ಟಿನಲ್ಲಿ ತತ್ತ್ವಶಾಸ್ತ್ರ ಎಲ್ಲಿಂದ ಬಂತು ಮಾರಾಯ್ರೇ ಅಂತ ನೀವು ಕೇಳಬಹುದು. ನನ್ನ ಪ್ರಕಾರ ಇಡೀ ಪ್ರೋಗ್ರಾಮಿಂಗಿನಲ್ಲಿ ಇದಕ್ಕಿಂತ ತಾತ್ತ್ವಿಕವಾದ ಪ್ರಶ್ನೆ ಇನ್ನೊಂದಿಲ್ಲ. ಯಾವುದೋ ಒಂದು 'ಇದೆ' ಅನ್ನುವುದಕ್ಕೆ ಏನು ಬೇಕು, 'ಇಲ್ಲ' ಅನ್ನುವುದಕ್ಕೆ ಏನು ಬೇಕು ಅನ್ನುವ ಪ್ರಶ್ನೆ ಇದು. 'ಇಲ್ಲ' ಅನ್ನುವ ಉತ್ತರ ಒಂದು ಮನೆಯನ್ನೋ ಒಂದು ಕಾಡನ್ನೋ ಅಳಿಸಿ ಹಾಕುವ ಹೊತ್ತಿನಲ್ಲಿ ಇದು ನೈತಿಕ ಪ್ರಶ್ನೆಯೂ ಆಗುತ್ತದೆ.

ಮೊದಲು ಕೋಡಿನಿಂದಲೇ ಶುರು ಮಾಡೋಣ.

ಗ್ರಾಫನ್ನು ಡಿಫಾಲ್ಟ್‌ಡಿಕ್ಟ್ ಬಳಸಿ ಕಟ್ಟಿದ್ದೀರಿ ಅಂದುಕೊಳ್ಳಿ. ಅದರ ಸ್ವಭಾವ ನಿಮಗೆ ಗೊತ್ತು. ಇಲ್ಲದ ಕೀಯನ್ನು ಚೌಕ ಆವರಣದಲ್ಲಿ ಇಟ್ಟು ಕೇಳಿದರೆ ಅದು 'ಇಲ್ಲ' ಅನ್ನುವುದಿಲ್ಲ, ತಕ್ಷಣ ಒಂದು ಖಾಲಿ ಪಟ್ಟಿಯನ್ನು ಸೃಷ್ಟಿಸಿ ಕೈಗೆ ಕೊಡುತ್ತದೆ. ಹಾಗಾಗಿ ನಿಮ್ಮ ಟೆಸ್ಟು ಮೊದಲು ಅಂಕೋಲೆಯ ನೆರೆಹೊರೆ ಯಾರ್ಯಾರು ಅಂತ ಕೇಳಿ, ಆಮೇಲೆ ಅಂಕೋಲೆ ಇದೆಯಾ ಅಂತ ಪರೀಕ್ಷಿಸಿದರೆ ಉತ್ತರ ಯಾವಾಗಲೂ 'ಇದೆ'. ಕೇಳಿದ್ದರಿಂದಲೇ ಅದು ಹುಟ್ಟಿತು. 'ಇನ್' ಆಪರೇಟರ್ ಬಳಸಿ ಕೇಳಿದರೆ ಮಾತ್ರ ಗ್ರಾಫ್ ಇದ್ದ ಹಾಗೇ ಇರುತ್ತದೆ. ಕೇಳುವ ಎರಡು ರೀತಿಗಳಲ್ಲಿ ಒಂದು ಲೋಕವನ್ನು ಬದಲಿಸುತ್ತದೆ, ಇನ್ನೊಂದು ಬದಲಿಸುವುದಿಲ್ಲ.

ಇನ್ನೊಂದು ನೋಡಿ. ನೆಟ್‌ವರ್ಕ್‌ಎಕ್ಸ್ ಲೈಬ್ರರಿಯಲ್ಲಿ ಎರಡು ಊರುಗಳ ನಡುವೆ ಎಡ್ಜ್ ಸೇರಿಸಿದರೆ, ಆ ಊರುಗಳು ಮೊದಲೇ ಇಲ್ಲದಿದ್ದರೂ ತಾವಾಗಿಯೇ ಸೇರಿಕೊಳ್ಳುತ್ತವೆ. ಅನುಕೂಲವೇ. ಆದರೆ ಒಬ್ಬರು 'ಸಿದ್ದಾಪುರ' ಅಂತ ಬರೆದು ಇನ್ನೊಬ್ಬರು ಮಹಾಪ್ರಾಣ ಹಾಕಿ 'ಸಿದ್ಧಾಪುರ' ಅಂತ ಬರೆದರೆ ತಾಲೂಕಿಗೆ ಹೊಸದೊಂದು ಪೇಟೆ ಹುಟ್ಟಿತು ಅಂತಲೇ ಲೆಕ್ಕ. ಯಾವ ಎರರೂ ಬರುವುದಿಲ್ಲ. ಇನ್ನು ಸಿದ್ದಾಪುರ ಅನ್ನುವ ಊರು ಕೊಡಗಿನಲ್ಲೂ ಇದೆ, ಕುಂದಾಪುರದ ಕಡೆಯೂ ಇದೆ. ಟೆಸ್ಟು 'ಇದೆ' ಅಂದರೂ ಯಾವುದು ಇದೆ ಅನ್ನುವುದು ಹಾಗೇ ಉಳಿಯಿತು.

ಇದರ ತದ್ವಿರುದ್ಧದ ಉದಾಹರಣೆ ಶಿರಸಿಯಿಂದ ಸುಮಾರು 20 ಕಿಲೋಮೀಟರು ದೂರದ ಸೋಂದಾ. ಒಂದೇ ಊರು, ಆದರೆ ಹೆಸರು ನೋಡಿ: ಸೋಂದಾ, ಸೋದೆ, ಸ್ವಾದಿ, ಸುಧಾಪುರ. ನಾಲ್ಕೂ ಹೆಸರು ಊರವರಿಗೆ ಒಂದೇ, ಕಂಪ್ಯೂಟರಿಗೆ ನಾಲ್ಕು. ಹೋಗಲಿ, 'ಸೋಂದಾ' ಅಂತಲೇ ಬರೆಯೋಣ ಅಂದರೂ ಯೂನಿಕೋಡ್ ಬಿಡುವುದಿಲ್ಲ. 'ಸೋ'ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಅಂತ ಬಿಡಿಸಿ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಪೈಥಾನ್ ಹೋಲಿಸಿದರೆ ಎರಡೂ ಬೇರೆ ಬೇರೆ. ನಾರ್ಮಲೈಸ್ ಮಾಡದ ಹೊರತು, ಕಣ್ಣೆದುರು ಇರುವ ಸೋಂದಾಕ್ಕೆ ಗ್ರಾಫು 'ಇಲ್ಲ' ಅನ್ನುತ್ತದೆ.

ಇವೆಲ್ಲ ಟೆಕ್ನಿಕಲ್ ತರಲೆಗಳು ಅನ್ನಿಸಬಹುದು. ಆದರೆ ಒಂದು ಮಾತು ಈಗಲೇ ಸ್ಪಷ್ಟ. 'ಇದೆ' ಅನ್ನುವ ಒಂದು ಟೆಸ್ಟು ಬರೆದರೆ ಸಾಲದು. ಯಾವಾಗಲೂ 'ಹೌದು' ಅಂತ ತಲೆಯಾಡಿಸುವ ಫಂಕ್ಷನ್ ಕೂಡ ಆ ಟೆಸ್ಟಿನಲ್ಲಿ ಪಾಸಾಗುತ್ತದೆ. ಸೇರಿಸದ ಊರನ್ನು ಕೇಳಿ, 'ಇಲ್ಲ' ಅನ್ನುವ ಉತ್ತರ ಬಂತಾ ಅಂತಲೂ ನೋಡಬೇಕು. ಅಲ್ಲಿಗೆ ನಾವು ಹಳೆಯ ಜಗಳವೊಂದರೊಳಗೆ ಕಾಲಿಟ್ಟ ಹಾಗೆ: ಇಲ್ಲದೇ ಇರುವುದನ್ನು ನಾವು ತಿಳಿಯುವುದು ಹೇಗೆ?

ಈ ಜಗಳಕ್ಕೆ ಸೋಂದಾಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ವಾದಿರಾಜರ ವೃಂದಾವನ ಇರುವ ಸೋದೆ ಮಠ ದ್ವೈತದ್ದು. ಸ್ವರ್ಣವಲ್ಲಿ ಮಠ ಅದ್ವೈತದ್ದು. ಸ್ವಾದಿಯ ಜೈನ ಮಠವೂ ಅಲ್ಲೇ. ಒಂದೇ ಊರಿನ ಸುತ್ತಳತೆಯಲ್ಲಿ ಮೂರು ದರ್ಶನಗಳು. ಮೂರಕ್ಕೂ 'ಇಲ್ಲ' ಅನ್ನುವುದರ ಬಗ್ಗೆ ಬೇರೆ ಬೇರೆ ಅಭಿಪ್ರಾಯ.

ನಮ್ಮ ಶಾಸ್ತ್ರಕಾರರ ಉದಾಹರಣೆ ಮಡಕೆ. ನೆಲದ ಮೇಲೆ ಮಡಕೆ ಇಲ್ಲ ಅಂತ ನನಗೆ ಹೇಗೆ ಗೊತ್ತಾಯಿತು? ಕಣ್ಣಿಗೆ ಕಂಡದ್ದು ನೆಲ. ಮಡಕೆಯ ಇಲ್ಲದಿರುವಿಕೆ ಕಣ್ಣಿಗೆ ಕಂಡಿತಾ? ಸುಮಾರು 7ನೇ ಶತಮಾನದ ಕುಮಾರಿಲ ಭಟ್ಟರ ಉತ್ತರ: ಇಲ್ಲ, ಅದು ಕಣ್ಣಿನ ಕೆಲಸ ಅಲ್ಲ. ಸಿಗಬೇಕಾದದ್ದು ಸಿಗದೇ ಹೋಗುವುದೇ ತಿಳಿವಿನ ಒಂದು ಪ್ರತ್ಯೇಕ ದಾರಿ. ಅದರ ಹೆಸರು ಅನುಪಲಬ್ಧಿ. ಅದ್ವೈತಿಗಳು ಇದನ್ನು ಆರನೆಯ ಪ್ರಮಾಣವಾಗಿ ಒಪ್ಪಿಕೊಂಡರು. ದ್ವೈತದವರು ಪ್ರತ್ಯಕ್ಷ, ಅನುಮಾನ, ಆಗಮ ಅಂತ ಮೂರರಲ್ಲೇ ನಿಂತು, ಅಭಾವದ ಅರಿವಿಗೆ ಬೇರೆ ಪ್ರಮಾಣ ಬೇಡ ಅಂದರು. ನೈಯಾಯಿಕರಿಗೆ ಅಭಾವವೇ ಒಂದು ಪದಾರ್ಥ. ಪ್ರಭಾಕರನ ಕಡೆಯವರಿಗೆ ಬರಿಯ ನೆಲವೇ ಸಾಕು, ಅದರ ಮೇಲೆ 'ಇಲ್ಲ' ಅನ್ನುವ ಇನ್ನೊಂದು ವಸ್ತು ಯಾಕೆ?

ಇವರ ಜಗಳದಲ್ಲಿ ನಮಗೆ ಬೇಕಾದದ್ದು ಅನುಪಲಬ್ಧಿಗೆ ಹಾಕಿದ ಒಂದು ಷರತ್ತು. ಅದನ್ನು 'ಯೋಗ್ಯ' ಅನುಪಲಬ್ಧಿ ಅಂತಾರೆ. ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವ ಸ್ಥಿತಿ ಇದ್ದಾಗ ಮಾತ್ರ, ಕಾಣದಿದ್ದದ್ದು ಸಾಕ್ಷಿಯಾಗುತ್ತದೆ. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲ ಅಂದರೆ ಮಡಕೆ ಇಲ್ಲ ಅಂತಲ್ಲ. ಪಿಶಾಚಿ ಕಣ್ಣಿಗೆ ಬೀಳುವ ವಸ್ತುವೇ ಅಲ್ಲ, ಹಾಗಾಗಿ ಕಾಣಲಿಲ್ಲ ಅನ್ನುವುದರಿಂದ ಪಿಶಾಚಿ ಇಲ್ಲ ಅಂತ ಸಿದ್ಧವಾಗುವುದಿಲ್ಲ. ಇದು ಅವರದೇ ಉದಾಹರಣೆ. ದೆವ್ವದ ಪರ ವಕಾಲತ್ತಲ್ಲ, ಪರೀಕ್ಷೆಯ ಮಿತಿಯ ಬಗ್ಗೆ ಎಚ್ಚರ.

ಜೈನರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಯಾವುದೇ 'ಇದೆ', 'ಇಲ್ಲ'ದ ಮುಂದೆ 'ಸ್ಯಾತ್' ಅಂತ ಸೇರಿಸು, ಅಂದರೆ 'ಒಂದು ದೃಷ್ಟಿಯಿಂದ' ಅಂತ. ಯಾವ ದ್ರವ್ಯದ, ಯಾವ ಕ್ಷೇತ್ರದ, ಯಾವ ಕಾಲದ, ಯಾವ ಭಾವದ ದೃಷ್ಟಿಯಿಂದ ಇದೆ? ಯಾವುದರಿಂದ ಇಲ್ಲ? ಟೆಸ್ಟ್ ಬರೆಯುವವರಿಗೆ ಇದು ಹೊಸತೇನಲ್ಲ. ಪ್ರತಿ ಟೆಸ್ಟಿನ ಕೆಳಗೂ ಒಂದು ಫಿಕ್ಸ್ಚರ್ ಇರುತ್ತದೆ: ಈ ಡೇಟಾ, ಈ ಆವೃತ್ತಿ, ಈ ಹೊತ್ತು. 'ಸ್ಯಾತ್' ಇಲ್ಲದ ಟೆಸ್ಟೇ ಇಲ್ಲ. ನಾವು ಅದನ್ನು ಓದುವಾಗ ಬಿಟ್ಟುಬಿಡುತ್ತೇವೆ ಅಷ್ಟೇ.

ಬಿಟ್ಟರೆ ಏನಾಗುತ್ತದೆ? ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಬನ್ನಿ. ಹೆಸರೇ ಹೇಳುವ ಹಾಗೆ ಕತ್ತಲೆ ಕಾಡು. ಅಲ್ಲಿ ರಾಮಪತ್ರೆ ಜಾತಿಯ ಮರಗಳು ವರ್ಷವಿಡೀ ನೀರು ನಿಲ್ಲುವ ಜೌಗಿನಲ್ಲಿ ಬೇರನ್ನು ಮೇಲಕ್ಕೆತ್ತಿ ನಿಂತಿವೆ. ಆ ಜೌಗಿನಲ್ಲಿ ಗೇರಿನ ಬಳಗಕ್ಕೆ ಸೇರಿದ ಒಂದು ದೊಡ್ಡ ಮರ ಇದೆ. ಅದಕ್ಕೆ ಒಂದು ವೈಜ್ಞಾನಿಕ ಹೆಸರು ಸಿಕ್ಕಿದ್ದು 2000ದಲ್ಲಿ, ದಾಸಪ್ಪ ಮತ್ತು ಸ್ವಾಮಿನಾಥ್ ಅದನ್ನು ಹೊಸ ಪ್ರಭೇದ ಅಂತ ವಿವರಿಸಿದಾಗ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೆಸರು. ಊರಿನ ಹೆಸರೇ ಮರಕ್ಕೆ. 1999ರಲ್ಲಿ ಯಾರಾದರೂ ಸಸ್ಯಶಾಸ್ತ್ರದ ಪಟ್ಟಿಯೆದುರು ಆ ಟೆಸ್ಟ್ ಓಡಿಸಿದ್ದರೆ 'ಇಲ್ಲ' ಅನ್ನುವುದೇ ಸರಿಯಾದ ಉತ್ತರ. ಕೋಡಿನಲ್ಲಿ ಬಗ್ ಇರಲಿಲ್ಲ. ಮರ ಮಾತ್ರ ಅಲ್ಲೇ ನಿಂತಿತ್ತು. ಆ 'ಇಲ್ಲ'ದ ಮೇಲೆ ನಂಬಿಕೆ ಇಟ್ಟು ಆ ಜೌಗನ್ನು ತೋಟವನ್ನೋ ರಸ್ತೆಯನ್ನೋ ಮಾಡಿದ್ದರೆ, ನಾವು ಕಳೆದುಕೊಂಡದ್ದು ಏನು ಅಂತ ನಮಗೇ ತಿಳಿಯುತ್ತಿರಲಿಲ್ಲ.

ಡೇಟಾಬೇಸಿನವರಿಗೆ ಇದಕ್ಕೊಂದು ಹೆಸರಿದೆ. ರೇಮಂಡ್ ರೈಟರ್ 1978ರಲ್ಲಿ 'ಮುಚ್ಚಿದ ಲೋಕ' ಅನ್ನುವ ಊಹೆಯನ್ನು ಸ್ಪಷ್ಟವಾಗಿ ನಿರೂಪಿಸಿದ. ದಾಖಲೆಯಲ್ಲಿ ಇಲ್ಲದ್ದು ಸುಳ್ಳು ಅಂತ ಹಿಡಿಯುವುದು ಮುಚ್ಚಿದ ಲೋಕ. ದಾಖಲೆಯಲ್ಲಿ ಇಲ್ಲದ್ದರ ಬಗ್ಗೆ ನಮಗೆ ಗೊತ್ತಿಲ್ಲ ಅಂತ ಹಿಡಿಯುವುದು ತೆರೆದ ಲೋಕ. ಬಸ್ ರಿಸರ್ವೇಶನ್ನಿಗೆ ಮುಚ್ಚಿದ ಲೋಕವೇ ಸರಿ. ಸೀಟು ಬುಕ್ ಆದ ದಾಖಲೆ ಇಲ್ಲ ಅಂದರೆ ಸೀಟು ಖಾಲಿ, ಅದರಲ್ಲಿ ಅಧ್ಯಾತ್ಮ ಏನೂ ಇಲ್ಲ. ಕಷ್ಟ ಶುರುವಾಗುವುದು ಮುಚ್ಚಿದ ಲೋಕದ ಉತ್ತರವನ್ನು ತೆರೆದ ಲೋಕಕ್ಕೆ ಒಯ್ದಾಗ.

ಉತ್ತರ ಕನ್ನಡದವರಿಗೆ ಇದು ಪಾಠದ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಬುಡಕಟ್ಟಿನವರಲ್ಲದ 'ಇತರ ಪಾರಂಪರಿಕ ಅರಣ್ಯವಾಸಿ'ಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡನ್ನು ಅವಲಂಬಿಸಿ ಅಲ್ಲೇ ಬದುಕಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿ: 1930. ಆಗ ಈ ಮೂರೂ ತಾಲೂಕು ಮುಂಬಯಿ ಪ್ರಾಂತ್ಯದಲ್ಲಿದ್ದವು. ಓದುಬರಹ ಇಲ್ಲದ ಒಬ್ಬ ಮನುಷ್ಯ ಬೇಣದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ರಾಗಿಯನ್ನೋ ಭತ್ತವನ್ನೋ ಬೆಳೆದರೆ, ಅದಕ್ಕೆ ಕಾಗದ ಎಲ್ಲಿಂದ ಬರಬೇಕು? ಜಿಲ್ಲೆಯಲ್ಲಿ ಸಾವಿರಾರು ಅರ್ಜಿಗಳು ತಿರಸ್ಕೃತವಾದವು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಲು ರಾಜ್ಯಗಳಿಗೆ ಹೇಳಿತು. ಅದೇ ತಿಂಗಳ 28ಕ್ಕೆ ಆ ಆದೇಶವನ್ನು ತಡೆಹಿಡಿಯಿತು. ಆ 15 ದಿನ ಎಷ್ಟೋ ಮನೆಗಳ ಪಾಲಿಗೆ 'ಇದೆ', 'ಇಲ್ಲ'ದ ನಡುವಿನ ದಿನಗಳು.

ಸ್ವಾರಸ್ಯ ಏನು ಗೊತ್ತಾ? ಕಾನೂನು ಬರೆದವರಿಗೆ ಯೋಗ್ಯ ಅನುಪಲಬ್ಧಿ ಗೊತ್ತಿತ್ತು ಅನ್ನಿಸುತ್ತದೆ. ಆ ಕಾಯಿದೆಯ ನಿಯಮಗಳು ಸಾಕ್ಷ್ಯದ ಪಟ್ಟಿಯಲ್ಲಿ ಸರ್ಕಾರಿ ಕಾಗದವನ್ನು ಮಾತ್ರ ಹೇಳುವುದಿಲ್ಲ. ಮನೆ, ಭೂಮಿ ಸಮತಟ್ಟು ಮಾಡಿದ ಗುರುತು, ಒಡ್ಡು, ಬಾವಿ, ಸ್ಮಶಾನ, ಊರ ಹಿರಿಯರ ಹೇಳಿಕೆ, ಇವೆಲ್ಲವನ್ನೂ ಹೇಳುತ್ತವೆ. 2012ರ ತಿದ್ದುಪಡಿಯಲ್ಲಂತೂ ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳು ಇಂಥದ್ದೇ ಕಾಗದ ಬೇಕು ಅಂತ ಹಠ ಹಿಡಿಯುವ ಹಾಗಿಲ್ಲ ಅಂತ ಸೇರಿಸಿದರು. ಅಂದರೆ, ಕಾಗದದ ದೀಪ ಆ ಕೋಣೆಗೆ ತಲುಪುವುದಿಲ್ಲ, ಹಾಗಾಗಿ ಆ ದೀಪದಲ್ಲಿ ಕಾಣಲಿಲ್ಲ ಅನ್ನುವುದು ಸಾಕ್ಷಿಯಲ್ಲ.

ಇಲ್ಲಿ ನೆಟ್‌ವರ್ಕ್‌ಎಕ್ಸಿನ ಇನ್ನೊಂದು ಗುಣ ನೆನಪಾಗುತ್ತದೆ. ನೋಡ್ ಆಗಲು ಸಾಧ್ಯವೇ ಇಲ್ಲದ ವಸ್ತುವನ್ನು, ಉದಾಹರಣೆಗೆ ಒಂದು ಲಿಸ್ಟನ್ನು, ಕೊಟ್ಟು ಇದು ಗ್ರಾಫಿನಲ್ಲಿದೆಯಾ ಅಂತ ಕೇಳಿದರೆ ಅದು ತಣ್ಣಗೆ 'ಇಲ್ಲ' ಅನ್ನುತ್ತದೆ. ಪೈಥಾನಿನ ಸಾದಾ ಡಿಕ್ಷನರಿಗೆ ಅದೇ ಪ್ರಶ್ನೆ ಕೇಳಿ, ಅದು ಟೈಪ್ ಎರರ್ ಎಸೆಯುತ್ತದೆ: ನೀನು ಕೇಳಿದ ರೀತಿ ನನಗೆ ಅರ್ಥ ಆಗಲ್ಲ ಅಂತ. ಮೊದಲನೆಯದು ಮೃದು, ಎರಡನೆಯದು ಒರಟು. ಆದರೆ ಪ್ರಾಮಾಣಿಕ ಯಾವುದು? 'ನಿಮ್ಮ ಅರ್ಜಿ ನಮ್ಮ ನಮೂನೆಯಲ್ಲಿ ಇಲ್ಲ' ಅನ್ನುವುದಕ್ಕೂ 'ನೀವು ಇಲ್ಲ' ಅನ್ನುವುದಕ್ಕೂ ನಡುವೆ ಇರುವ ಅಂತರವನ್ನು ಒರಟು ಡಿಕ್ಷನರಿ ಉಳಿಸಿಕೊಳ್ಳುತ್ತದೆ, ಮೃದುವಾದ ಲೈಬ್ರರಿ ಅಳಿಸಿ ಹಾಕುತ್ತದೆ.

ಇದಕ್ಕೆ ಎದುರುವಾದ ಇದೆ, ಗಟ್ಟಿಯಾದದ್ದೇ. 'ಇಲ್ಲ' ಅನ್ನಲು ಇಷ್ಟೆಲ್ಲ ಷರತ್ತು ಹಾಕಿದರೆ ಯಾರೂ ಯಾವುದಕ್ಕೂ 'ಇಲ್ಲ' ಅನ್ನುವ ಹಾಗೇ ಇಲ್ಲ. ನಿನ್ನೆ ಬೇಲಿ ಹಾಕಿದವನೂ ಮೂರು ತಲೆಮಾರಿನ ಕಥೆ ಹೇಳುತ್ತಾನೆ. ಈ ನೆಲದಲ್ಲಿ ಕಾಡೂ ಒಂದು ಪಕ್ಷ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ನಿಂತು ಕಡಿಯುವುದನ್ನು ತಡೆದರು. ಆ ಕಾಡು ಅತಿಕ್ರಮಣಕ್ಕೆ ಹೋದರೆ ಅಪ್ಪಿದ್ದಕ್ಕೆ ಏನು ಅರ್ಥ? ಪ್ರೋಗ್ರಾಮ್ ಕೂಡ 'ಗೊತ್ತಿಲ್ಲ' ಅಂತ ಕೂತರೆ ಮುಂದಿನ ಸಾಲು ಓಡುವುದಿಲ್ಲ.

ಒಪ್ಪುತ್ತೇನೆ. 'ಇಲ್ಲ' ಅನ್ನಲೇಬೇಕು. ನನ್ನ ವಾದ ಇಷ್ಟೇ: 'ಇದೆ' ಮತ್ತು 'ಇಲ್ಲ' ಸಮಾನ ತೂಕದ ಮಾತುಗಳಲ್ಲ. 'ಇದೆ' ಅನ್ನಲು ಒಂದು ಸಲ ಕಂಡರೆ ಸಾಕು. 'ಇಲ್ಲ' ಅನ್ನಲು ಪೂರ್ತಿ ಹುಡುಕಿರಬೇಕು, ಹುಡುಕಿದ ದೀಪ ಆ ವಸ್ತುವನ್ನು ಕಾಣಿಸುವಂಥದ್ದು ಆಗಿರಬೇಕು. ಹಾಗಾಗಿ ಅದರ ಹೊರೆ ಹೇಳುವವರ ಮೇಲೆ, ಕೇಳಿದವರ ಮೇಲಲ್ಲ. ಎರಡನೆಯದು, ಯಾವ ತಪ್ಪನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲವೋ ಆ ಕಡೆಗೆ ಹೆಚ್ಚು ಟೆಸ್ಟು ಬೇಕು. ಕಡಿದ ಕಾಡು ಮರಳಿ ಬರುವುದಿಲ್ಲ, ಸರಿ. ಅದೇ ನ್ಯಾಯದಿಂದ, ಒಕ್ಕಲೆದ್ದ ಮುದುಕಿಯೂ ಮರಳಿ ಅದೇ ಅಂಗಳದಲ್ಲಿ ಕೂರುವುದಿಲ್ಲ. ಎರಡೂ ಕಡೆ ಸ್ಥಳಕ್ಕೆ ಹೋಗಿ ನೋಡಬೇಕು. ಮೇಜಿನ ಮೇಲಿನ ಕಡತದಿಂದ ಎರಡರಲ್ಲಿ ಯಾವುದೂ ತೀರ್ಮಾನ ಆಗಕೂಡದು.

ಇನ್ನು, 'ಇದೆ' ಅಂತ ಉತ್ತರ ಬಂದರೆ ಎಲ್ಲ ಮುಗಿಯಿತಾ? 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ಅಡಿಕೆ ತೋಟಗಳೇ ಜಾರಿ ಹೋದವು. ಅದೇ ದಿನಗಳಲ್ಲಿ ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿ ಹೋಯಿತು. ಆಚೆ ದಡದ ಹಳ್ಳಿಗಳು ಇದ್ದಲ್ಲೇ ಇದ್ದವು, ಆದರೆ ಹೆದ್ದಾರಿ ದೂರವಾಯಿತು. ಇದನ್ನು ಗ್ರಾಫಿನಲ್ಲಿ ಹಾಕಿ. ಒಂದೇ ಎಡ್ಜಿನಿಂದ ಜೋಡಿಸಿದ್ದ ಹಳ್ಳಿಯ ಆ ಎಡ್ಜ್ ಹೋಯಿತು. ನೋಡ್ ಇದೆಯಾ? ಇದೆ, ಟೆಸ್ಟ್ ಹಸಿರು. ದಾರಿ ಇದೆಯಾ? ಇಲ್ಲ. ಆ ಗ್ರಾಫನ್ನು ಬರೀ ಎಡ್ಜುಗಳ ಪಟ್ಟಿಯಾಗಿ ಫೈಲಿನಲ್ಲಿ ಉಳಿಸಿ ಮತ್ತೆ ತೆರೆದರೆ ಇನ್ನೊಂದು ಸಂಗತಿ ಆಗುತ್ತದೆ. ಎಡ್ಜ್ ಇಲ್ಲದ ನೋಡ್ ಆ ಪಟ್ಟಿಯಲ್ಲಿ ಎಲ್ಲೂ ಬರದ್ದರಿಂದ ಹಳ್ಳಿಯೇ ಮಾಯ. ಯಾರೂ ಅಳಿಸಲಿಲ್ಲ. ಸಂಪರ್ಕ ಕಡಿದವರು ಮೊದಲು ದೂರವಾಗುತ್ತಾರೆ, ಆಮೇಲೆ ಲೆಕ್ಕದಿಂದಲೇ ಹೋಗುತ್ತಾರೆ.

ಈ ತಾಲೂಕುಗಳಿಂದ ಬೆಂಗಳೂರಿಗೆ ಬಂದು ಕೋಡ್ ಬರೆಯುವವರು ತುಂಬ ಜನ. ಊರಿನ ದೊಡ್ಡ ಮನೆಯಲ್ಲಿ ಉಳಿದವರು ಇಬ್ಬರೇ. ಭಾನುವಾರದ ಫೋನು ಒಂದು ಯೂನಿಟ್ ಟೆಸ್ಟ್ ಇದ್ದ ಹಾಗೆ. "ಆಯಿ, ಆರಾಮಾ?" "ಆರಾಮು ತಮಾ." ಪಾಸ್. ಮೊಣಕಾಲು ಊದಿದ್ದರೂ ಆರಾಮು, ಕೊಳೆರೋಗಕ್ಕೆ ಮದ್ದು ಹೊಡೆಯುವ ಆಳು ಸಿಗದಿದ್ದರೂ ಆರಾಮು, ಮೂರು ದಿನ ಕರೆಂಟಿಲ್ಲದಿದ್ದರೂ ಆರಾಮು. ಟೆಸ್ಟ್ ಬರೆಯುವವರಿಗೆ ಹೇಳಿಕೊಡುವ ಮೊದಲ ಪಾಠ ಏನು? ಟೆಸ್ಟು ಒಮ್ಮೆಯಾದರೂ ಕೆಂಪಾಗುವುದನ್ನು ನೋಡು, ಕೆಂಪಾಗಲು ಸಾಧ್ಯವೇ ಇಲ್ಲದ ಟೆಸ್ಟು ಏನನ್ನೂ ಹೇಳುತ್ತಿಲ್ಲ. 'ಆರಾಮಾ' ಅನ್ನುವ ಪ್ರಶ್ನೆಗೆ ಕೆಂಪಾಗುವ ದಾರಿಯೇ ಇಲ್ಲ. ಅದು ಡಿಫಾಲ್ಟ್‌ಡಿಕ್ಟಿನ ಹಾಗೆ, ಕೇಳಿದ ರೀತಿಯೇ ಉತ್ತರವನ್ನು ಹುಟ್ಟಿಸುತ್ತದೆ. ಈ ವಾರ ಪೇಟೆಗೆ ಯಾರ ಗಾಡಿಯಲ್ಲಿ ಹೋದ್ರಿ? ಮಾತ್ರೆ ಎಷ್ಟು ಉಳಿದಿದೆ, ಎಣಿಸಿ ಹೇಳಿ. ರಾತ್ರಿ ಎದ್ದಾಗ ಗೋಡೆ ಹಿಡಿದು ನಡೀಬೇಕಾಗ್ತದಾ? ಇಂಥ ಪ್ರಶ್ನೆಗೆ 'ಇಲ್ಲ' ಬರಬಹುದು, ತೊದಲು ಬರಬಹುದು, ಮೌನವೂ ಬರಬಹುದು. ಆಗ ಅದು ಟೆಸ್ಟು.

ಹಾಗಾದರೆ ನೋಡ್ ಇದೆಯಾ ಅಂತ ಪರೀಕ್ಷಿಸುವುದು ಹೇಗೆ? ಕೋಡಿನಲ್ಲಿ ಉತ್ತರ ಸುಲಭ: ಕೇಳುವಾಗ ಗ್ರಾಫನ್ನು ಬದಲಿಸಬೇಡಿ, ಹೆಸರನ್ನು ನಾರ್ಮಲೈಸ್ ಮಾಡಿ, ಇರುವುದನ್ನೂ ಇಲ್ಲದ್ದನ್ನೂ ಎರಡನ್ನೂ ಕೇಳಿ, ಒಂಟಿ ನೋಡನ್ನು ಸೇರಿಸಿ ಅದು ಉಳಿಯಿತಾ ಅಂತ ನೋಡಿ, ಪ್ರಶ್ನೆಯೇ ತಪ್ಪಾಗಿದ್ದರೆ 'ಇಲ್ಲ' ಅನ್ನದೆ ಎರರ್ ಕೊಡಿ. ಇವಿಷ್ಟನ್ನೂ ಒಂದು ಪುಲ್ ರಿಕ್ವೆಸ್ಟಿನಲ್ಲಿ ಮುಗಿಸಬಹುದು.

ಆ ಗ್ರಾಫಿನ ಮೇಲೆ ನಿಂತು ಯಾರದೋ ಪಿಂಚಣಿ, ಯಾರದೋ ಪಡಿತರ, ಯಾರದೋ ಭೂಮಿ ತೀರ್ಮಾನವಾಗುವ ದಿನ ಇನ್ನೂ ಒಂದು ಸಾಲು ಸೇರಿಸಬೇಕು. ನಮ್ಮ ತಲೆಮಾರಿನ ಬಹಳ ಜನ ಇಂಥ ಸಾಫ್ಟ್‌ವೇರನ್ನೇ ಬರೆಯುತ್ತಿದ್ದೇವೆ, ಹಾಗಾಗಿ ಈ ಸಾಲು ಬೇರೆಯವರಿಗೆ ಬಿಟ್ಟದ್ದಲ್ಲ. ಪರದೆಯ ಮೇಲೆ 'ಇಲ್ಲ' ಅಂತ ಬರುವ ಜಾಗದಲ್ಲಿ 'ಈ ಪಟ್ಟಿಯಲ್ಲಿ, ಈ ಹೆಸರಿನಲ್ಲಿ, ಈ ದಿನಾಂಕದವರೆಗೆ ಸಿಗಲಿಲ್ಲ' ಅಂತ ಬರೆಯಿರಿ. ಅದರ ಕೆಳಗೆ, ಹೋಗಿ ನೋಡಬೇಕಾದವರು ಯಾರು ಅನ್ನುವುದಕ್ಕೆ ಒಂದು ಖಾನೆ ಬಿಡಿ.